ಆರು ತಾಸು

ಮಿರಜದ ದೊಡ್ಡ ದವಾಖಾನೆಯಲ್ಲಿ ನಾನು ಆಯಾ,
ರಾತ್ರಿ ಪಾಳಿ.
ಜತ್ತ ಕಡೆಯವರು ಬಂದಾಗ ಮಾತ್ರ
ಕಸಬರಿಗೆ ಗೋಡೆಗೆ ಒರಗಿಸು ಅನ್ನುತ್ತಾರೆ.
"ಶೇವಂತಾ, ತ್ಯಾಂನಾ ಸಾಂಗ ಜರಾ."
ಮರಾಠಿಯನ್ನು ಕನ್ನಡಕ್ಕೆ ದಾಟಿಸುವುದಕ್ಕೆ
ಪಗಾರ ಇಲ್ಲ.

ಮಲಕಾರಿ, ವಯಸ್ಸು ಮೂವತ್ತೊಂದು, ಊರು ಸಂಖ.
ಕುರಿ ತುಂಬಿದ ಟೆಂಪೋ, ಒಂದು ತಿರುವು.
ಹದಿನೇಳು ಕುರಿ ತಾವಾಗಿ ಎದ್ದು
ರಸ್ತೆಯಂಚಿನ ಹುಲ್ಲಿಗೆ ಹೋದವಂತೆ.

ರಾತ್ರಿ ಹತ್ತಕ್ಕೆ ಅವನ ಕಣ್ಣಿಗೆ ಬ್ಯಾಟರಿ ಬಿಟ್ಟರು,
ಗುಡ್ಡೆಗೆ ಅರಳೆಯ ಎಳೆ ತಾಗಿಸಿದರು,
ಕಿವಿಯೊಳಗೆ ಬರ್ಫದ ನೀರು.
ಆಮೇಲೆ ಉಸಿರಿನ ಯಂತ್ರ ಬಿಡಿಸಿ
ಎದೆಯನ್ನೇ ನೋಡುತ್ತ ನಿಂತರು, ಎಂಟು ನಿಮಿಷ.
ಅಷ್ಟು ಹೊತ್ತು ಅವನ ಎದೆಯನ್ನು
ಹೆಂಡತಿಯೂ ನೋಡಿರಲಿಕ್ಕಿಲ್ಲ.
ಏಳಲಿಲ್ಲ.
ಯಂತ್ರ ಜೋಡಿಸಿದರು. ಎದ್ದಿತು.

"ಮೇಂದೂ ಮೃತ," ಅಂದರು ದೊಡ್ಡ ಡಾಕ್ಟರು,
"ಆರು ತಾಸಿಗೆ ಇನ್ನೊಮ್ಮೆ ನೋಡಿ ಸಹಿ. ಹೇಳು ಅವರಿಗೆ."

ಬಾಗಿಲಾಚೆ ಕಂಬಳಿ ಹಾಸಿ ಕೂತಿದ್ದಳು ತಾಯಿ, ಹೊನ್ನವ್ವ.
ನಮ್ಮ ಮಾತಿನಲ್ಲೊಂದು ತೊಡಕಿದೆ:
ಸತ್ತದ ಅಂದರೆ ಅದು, ಸತ್ತಾನ ಅಂದರೆ ಅವನು.
ಬಾಲದಲ್ಲಿ ಒಂದೇ ಅಕ್ಷರ,
ಒಂದು ಕಡೆ ಅಂಗ, ಒಂದು ಕಡೆ ಮಗ.
ಡಾಕ್ಟರು ಎರಡು ಪದದಲ್ಲಿ ಜಿಗಿದ ಹಳ್ಳ
ನನ್ನ ನಾಲಿಗೆಯ ಮುಂದೆ ಹಾಗೇ ಹರಿಯುತ್ತಿತ್ತು.

"ಮೆದುಳು ಸತ್ತದ, ಯವ್ವಾ."
"ಮತ್ತ ಅಂವ?"
"ಇನ್ನೂ ನೋಡಾಕತ್ತಾರ," ಅಂದೆ.

ಹೀಗೆ ಮರಾಠಿಯಲ್ಲಿ ಹೋದವನನ್ನು
ಕನ್ನಡದಲ್ಲಿ ಹಿಡಿದಿಟ್ಟುಕೊಂಡೆ.
ಅವಳು ಒಳಗೆ ಹೋಗಿ ಅವನ ಅಂಗಾಲು ತಿಕ್ಕಿದಳು,
ಹೊರಗೆ ಬಂದು ನನಗೆ ಹೇಳಿದಳು:

"ಹುಟ್ಟಿದ ಮರಿ ಉಸಿರಾಡದಿದ್ರ ಮೂಗಿನಾಗ ಹುಲ್ಲು ಆಡಸ್ತೀವಿ.
ಸೀನಿದ್ರ ಅದ, ಇಲ್ಲಾಂದ್ರ ಇಲ್ಲ.
ದೊಡ್ಡ ಕುರಿದು ಕಿವಿ ಹಿಂದ ನೋಡಬೇಕು.
ಉಣ್ಣಿ ಕಚ್ಚಿದ್ದು ಬಿಟ್ಟು ಇಳೀತಂದ್ರ ಆತು.
ಉಣ್ಣಿ ಸುಳ್ಳು ಹೇಳೂದಿಲ್ಲ.
ಅದರ ಹೊಟ್ಟಿ ಪ್ರಶ್ನೆ."

ಅತ್ತ ಬೆಂಚಿನ ಮೇಲೆ ಒಬ್ಬಾಕೆ
ಕೇಳುವ ಹೊತ್ತಿನ್ನೂ ಆಗಿಲ್ಲವೆಂದು
ಫೈಲು ಮುಚ್ಚಿಕೊಂಡು ಕೂತಿದ್ದಳು. ಒಳ್ಳೆಯ ಮುಖ.

ಎರಡರ ಸುಮಾರಿಗೆ ಹೊನ್ನವ್ವ ಕೇಳಿದಳು:
"ಒಂದ್ಸಲ ಸತ್ತಿದ್ರ ಇನ್ನೊಂದ್ಸಲ ನೋಡೂದ್ಯಾಕ?
ಇನ್ನೊಂದ್ಸಲ ನೋಡೂದದ ಅಂದ್ರ
ಒಂದ್ಸಲಕ್ಕ ಹೆಂಗ ಸತ್ತ?"
ದಾಟಿಸಿದೆ.
ಮೀಸೆ ಇನ್ನೂ ಗಟ್ಟಿಯಾಗದ ಸಣ್ಣ ಡಾಕ್ಟರು
"ಖಾತ್ರಿಗೆ" ಅಂದ. ಸ್ವಲ್ಪ ತಡೆದು, ನನ್ನ ಕಡೆ ನೋಡಿ,
"ಅವರದಲ್ಲ, ನಮ್ಮದು" ಅಂದ.
ಅದನ್ನು ದಾಟಿಸಲಿಲ್ಲ.

ನಾಲ್ಕು ಹತ್ತಕ್ಕೆ ಮತ್ತೆ ಬ್ಯಾಟರಿ, ಅರಳೆ, ಬರ್ಫ,
ಮತ್ತೆ ಎಂಟು ನಿಮಿಷ. ನಾಲ್ಕು ಸಹಿ.
ಸಮಯದ ಕಲಮಿನಲ್ಲಿ ಬರೆದದ್ದು ನಾಲ್ಕು ಇಪ್ಪತ್ತೆರಡು,
ಹತ್ತು ಗಂಟೆಯಲ್ಲ.
ಕಾಗದಕ್ಕೂ ನನ್ನ ಸುಳ್ಳೇ ಹಿಡಿಸಿತ್ತು.

"ಇಲ್ಲ, ಯವ್ವಾ," ಅಂದೆ.
ಇಲ್ಲ ಅನ್ನುವುದಕ್ಕೆ ಬಾಲವಿಲ್ಲ.
ಅವನೂ ಇಲ್ಲ, ಅದೂ ಇಲ್ಲ, ಒಂದೇ ಇಲ್ಲ.
ಇಷ್ಟು ಹೊತ್ತೂ ನನಗೆ ಹೊಳೆದಿರಲಿಲ್ಲ.

ಅವಳು ಒಳಗೆ ಹೋಗಿ ಅವನ ಕಿವಿಯ ಹಿಂದೆ
ಎರಡು ಬೆರಳಿಟ್ಟು ನಿಂತಳು.
"ಬೆಚ್ಚಗದಾನ," ಅಂದಳು.
ಯಂತ್ರ ಎದೆಯನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು.

ಫೈಲು ತೆರೆಯಿತು. ಎರಡು ಕಿಡ್ನಿ, ಒಂದು ಲಿವರ್.
"ತಗೊಂಡ ಮ್ಯಾಲ ಅವು ಬದಕತಾವೇನು?"
"ಹೂಂ."
"ಅಂದ್ರ ಎಲ್ಲಾ ಸತ್ತಿಲ್ಲ," ಅಂದು
ಹೆಬ್ಬೆಟ್ಟು ಒತ್ತಿದಳು.

ಬೆರಳಿನ ನೀಲಿಯನ್ನು ಕಂಬಳಿಗೆ ಒರೆಸುತ್ತ
ನನ್ನನ್ನೇ ನೋಡಿದಳು.
"ಖರೇ ಹೇಳು. ನಿನಗ ಯಾವಾಗ ಗೊತ್ತಾತು?"

ನನ್ನ ಹತ್ತಿರ ಎರಡು ಭಾಷೆ ಇದ್ದವು.
ಕಸಬರಿಗೆ ನಾನು ಒರಗಿಸಿದಲ್ಲೇ ಇತ್ತು.